ಕೊಂದವನು ಹೇಳಿದ ಕಥೆ

ನನ್ನ ಅಕ್ಕ ಮಾರೆಯನ್ನು ಹಾರ್ಲನ್ ಪ್ರೂಯಿಟ್ ಗುಂಡು ಹಾರಿಸಿ ಕೊಂದದ್ದು ನಡುಮಧ್ಯಾಹ್ನ, ಹಿತ್ತಲಲ್ಲಿ, ಅವಳು ಬಟ್ಟೆ ಒಣಹಾಕುತ್ತಿದ್ದಾಗ. ಬಿಸಿಲು ಚುರುಗುಟ್ಟುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಸಾನ್ ಪೆಡ್ರೊದಲ್ಲಿ ಯಾರನ್ನು ಕೇಳಿದರೂ ರಾತ್ರಿ ಅನ್ನುತ್ತಾರೆ, ಜಡಿಮಳೆ ಅನ್ನುತ್ತಾರೆ, ಬಂದರಿನ ಧಕ್ಕೆಯ ತುದಿ ಅನ್ನುತ್ತಾರೆ. ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಕಂಡಿದ್ದಾರೆ ಕೂಡ. ಟಿಕೆಟ್ ಕೊಂಡು ಕಂಡಿದ್ದಾರೆ.

ನಮ್ಮದು ಮೀನುಗಾರರ ಮನೆ. ಅಪ್ಪ ಕಡಲಾಚೆಯ ವಿಸ್ ದ್ವೀಪದಿಂದ ಬಂದವನು. ಈ ಬಂದರಿನ ಅರ್ಧ ಜನ ಅಲ್ಲಿಂದಲೇ ಬಂದವರು. ಮಾರೆ ಹಿರಿಯಳು, ವಿಂಕಾ ಎಂಬ ನಾನು ನಡುವಿನವಳು, ಲೂಕಾ ಕೊನೆಯವನು. ಮಾರೆಯ ಗಂಡ ಸ್ಟೀಪೆ ಟ್ಯೂನಾ ಬೋಟಿನಲ್ಲಿ ಮೆಕ್ಸಿಕೊ ದಾಟಿ ಹೋಗುವವನು. ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಸಾಲದ್ದಕ್ಕೆ ಸಂಶಯದ ಪಿಶಾಚಿ. ತಾನಿಲ್ಲದಾಗ ಹೆಂಡತಿ ಏನು ಮಾಡುತ್ತಾಳೆಂದು ನೋಡಲು ಲಾಸ್ ಏಂಜಲೀಸಿನಿಂದ ಒಬ್ಬ ಖಾಸಗಿ ಪತ್ತೇದಾರನನ್ನು ಗೊತ್ತುಮಾಡಿದ. ಆ ಪತ್ತೇದಾರನೇ ಪ್ರೂಯಿಟ್.

ಅವನು ಬೀದಿಯಾಚೆ ಕಾರು ನಿಲ್ಲಿಸಿಕೊಂಡು ನೋಡಿದ. ನೋಡುವುದಕ್ಕೆ ಏನೂ ಇರಲಿಲ್ಲ. ಅವಳು ಧಕ್ಕೆಯ ಹೋಟೆಲಿನಲ್ಲಿ ಬಡಿಸುತ್ತಿದ್ದಳು, ಪುಟ್ಟ ಮಗಳು ಝೋರ್ಕಾಳ ತಲೆ ಬಾಚುತ್ತಿದ್ದಳು, ನನ್ನ ಜೊತೆ ಜಗಳ ಕಾಯುತ್ತಿದ್ದಳು. ನೋಡುತ್ತ ನೋಡುತ್ತ ಅವನಿಗೇ ಹುಚ್ಚು ಹತ್ತಿತು. ಹೋಟೆಲಿಗೆ ಬಂದು ಗಂಟೆಗಟ್ಟಲೆ ಕೂರತೊಡಗಿದ. "ಇನ್ನೊಂದ್ ಸಲ ಈ ಕಡೆ ತಲೆ ಹಾಕಿದ್ರೆ ಮೀನು ಸೀಳೋ ಚಾಕು ತೋರಿಸ್ತೀನಿ" ಎಂದು ಅವಳು ಎಲ್ಲರೆದುರು ಗದರಿಸಿದಳು. ಆಮೇಲೆ ಅವನು ಹೋಟೆಲಿಗೆ ಬರಲಿಲ್ಲ, ಹಿತ್ತಲಿಗೆ ಬಂದ.

ಕೋರ್ಟಿನಲ್ಲಿ ಅವನದೇ ಮಾತು. ಅವಳೇ ನನ್ನನ್ನು ಮರುಳುಮಾಡಿದಳು, ಗಂಡನನ್ನು ಮುಗಿಸಿಬಿಡೋಣ ಅಂದಳು, ನಾನು ಒಲ್ಲೆ ಅಂದಾಗ ಏಪ್ರನ್ನಿನ ಜೇಬಿಗೆ ಕೈಹಾಕಿದಳು, ಪಿಸ್ತೂಲು ಅಂದುಕೊಂಡೆ ಎಂದ. ಜೇಬಿನಲ್ಲಿ ಇದ್ದದ್ದು ಬಟ್ಟೆಗೆ ಹಾಕುವ ಮರದ ಕ್ಲಿಪ್ಪುಗಳು. ಜ್ಯೂರಿಯವರು ಕ್ಲಿಪ್ಪುಗಳನ್ನೂ ನೋಡಿದರು, ಅವನ ಇಸ್ತ್ರಿ ಮಾಡಿದ ಸೂಟನ್ನೂ ನೋಡಿದರು. ಕೊಲೆಯಲ್ಲ, ಆವೇಶದಲ್ಲಿ ಆದದ್ದು ಎಂದು ಕೆಲವೇ ವರ್ಷಗಳ ಶಿಕ್ಷೆಗೆ ಮುಗಿಸಿದರು. ಸ್ಟೀಪೆ ಮಗಳನ್ನು ನನ್ನ ಮಡಿಲಿಗೆ ಹಾಕಿ ಅಲಾಸ್ಕಾದ ಬೋಟು ಹತ್ತಿದವನು ಮತ್ತೆ ಮುಖ ತೋರಿಸಲಿಲ್ಲ.

ಝೋರ್ಕಾ ಹನ್ನೆರಡಕ್ಕೆ ಬಂದ ವರ್ಷ ಸಿನಿಮಾದವರು ನಮ್ಮ ಬಂದರಿಗೆ ಬಂದಿಳಿದರು. ಏನು ಕಥೆಯೋ ಯಾರಿಗೂ ಗೊತ್ತಿರಲಿಲ್ಲ. ನೀರಿನ ಲಾರಿ ತಂದು ಧಕ್ಕೆಯನ್ನೆಲ್ಲ ತೋಯಿಸುತ್ತಿದ್ದರು. ಮೀನನ್ನು ಡಬ್ಬಿಗೆ ತುಂಬುವ ನಮ್ಮ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ನಾವು ಹೆಂಗಸರು ನಿಂತು, "ಅಯ್ಯೋ ಪುಣ್ಯಾತ್ಮರೇ, ನಮ್ಮನೆ ಅಂಗಳಾನೂ ಸ್ವಲ್ಪ ತೊಳೆದುಹೋಗಿ" ಎಂದು ಕೂಗಿ ನಕ್ಕಿದ್ದೆವು.

ಮುಂದಿನ ವರ್ಷ ಚಿತ್ರ ಬಂತು. 'ಬಂದರಿನ ಕೊನೆಯ ದೀಪ'. ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ಮೀನಿನ ತಲೆ ಕತ್ತರಿಸುವ ದಿಂಕಾ ಒಂದು ದಿನ ಗಂಡು ದನಿ ಮಾಡಿ ಅದರದೊಂದು ಮಾತು ಹೇಳುತ್ತಿದ್ದಳು: "ಆ ಹೆಂಗಸು ನಡೆದು ಹೋದರೆ ಬೀದಿದೀಪಗಳೂ ಸುಳ್ಳು ಸಾಕ್ಷಿ ಹೇಳುತ್ತಿದ್ದವು." ಸಾಲಿನ ಹೆಂಗಸರೆಲ್ಲ ಹೋ ಎಂದರು. ನಾನು ಒಳಗೆ ಬಂದದ್ದು ಕಂಡೊಡನೆ ದಿಂಕಾ ಬಾಯಿ ಮುಚ್ಚಿ ಮೀನಿನ ಕಡೆ ಬಗ್ಗಿದಳು.

ಆ ಭಾನುವಾರ ಲೂಕಾ, "ಝೋರ್ಕಾನ ಐಸ್‌ಕ್ರೀಮ್ ತಿನ್ನಿಸ್ಕೊಂಡ್ ಬರ್ತೀನಿ" ಎಂದು ಕರೆದುಕೊಂಡು ಹೋದ. ಸಂಜೆ ವಾಪಸು ಬಂದ ಹುಡುಗಿಯ ಕೂದಲು ಒಂದು ಕಣ್ಣಿನ ಮೇಲೆ ಇಳಿಬಿದ್ದಿತ್ತು. ಬಾಗಿಲಿಗೆ ಭುಜ ಒರಗಿಸಿ, ಗಲ್ಲ ಎತ್ತಿ ನಿಂತಳು.

"ಚಿಕ್ಕಮ್ಮ, ಅಮ್ಮ ಹೀಗೇ ನಿಲ್ತಿದ್ದಳಾ?"

ನಾನು ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟೆ. "ಎಲ್ಲಿಗೋಗಿದ್ರಿ?"

"ಪಿಕ್ಚರಿಗೆ. ಮಾಮ ಹೇಳಿದ ಅದು ಅಮ್ಮನ ಕಥೆ ಅಂತ. ಎಷ್ಟ್ ಚೆಂದ ಇದ್ದಾಳೆ ಗೊತ್ತಾ? ಎಲ್ಲಾ ಗಂಡಸ್ರೂ ಅವಳು ಅಂದ್ರೆ ಹೆದರ್ತಾರೆ. ಕೊನೇಲಿ ಸಾಯೋವಾಗ್ಲೂ ಅವಳಿಗೆ ಭಯ ಇಲ್ಲ."

"ಒಳಗೆ ಹೋಗು. ತಲೆ ಬಾಚ್ಕೋ."

ಅವಳು ಒಳಗೆ ಹೋದಳು, ಆದರೆ ಬಾಗಿಲ ಹಿಂದೆಯೇ ನಿಂತಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ದನಿ ತಗ್ಗಿಸಲು ಆಗಲಿಲ್ಲ.

"ನಿನಗೆ ತಲೆ ನೆಟ್ಟಗಿದೆಯಾ ಲೂಕಾ? ಹೆತ್ತ ತಾಯಿ ಸಾಯೋದನ್ನ ಮಗೂಗೆ ತೋರಿಸ್ಕೊಂಡ್ ಬಂದಿದೀಯಲ್ಲ!"

"ಅಕ್ಕ, ಮೊದಲು ಕೂತ್ಕೋ."

"ಕೂರಲ್ಲ. ಎಷ್ಟ್ ಸಲ ನೋಡಿದೀಯ ನೀನು?"

ಅವನು ಟೋಪಿ ತಿರುಗಿಸುತ್ತ ನಿಂತ. "ಬಂದ ದಿನದಿಂದ ನೋಡ್ತಾನೇ ಇದೀನಿ."

"ನಾಚಿಕೆ ಆಗಲ್ವಾ?"

"ಆಗುತ್ತೆ. ಆದ್ರೂ ಹೋಗ್ತೀನಿ." ಗೋಡೆಯ ಕಡೆ ಕೈ ಮಾಡಿದ. "ಗೋಡೆ ಮೇಲಿರೋ ಫೋಟೋದಲ್ಲಿ ಅವಳು ಅಲ್ಲಾಡಲ್ಲ ಅಕ್ಕ. ಅಲ್ಲಿ ನಡೀತಾಳೆ. ಆ ನಟಿ ಯಾರೋ ಏನೋ, ಕರೆದಾಗ ತಿರುಗಿ ನೋಡ್ತಾಳಲ್ಲ, ಥೇಟ್ ನಮ್ ಮಾರೆ. ಅಷ್ಟಕ್ಕೋಸ್ಕರ ಹೋಗ್ತೀನಿ. ಉಳಿದಿದ್ದು ಸುಳ್ಳು ಅಂತ ನನಗೂ ಗೊತ್ತು."

"ನಿನಗೆ ಗೊತ್ತು. ಆ ಮಗೂಗೆ?"

ಅವನು ಟೋಪಿ ತಲೆಗಿಟ್ಟು, ಊಟ ಮಾಡದೆ ಹೊರಟುಹೋದ. ನಾನು ಪಾತ್ರೆಯಲ್ಲಿದ್ದ ಸೊಪ್ಪು ಆಲೂಗಡ್ಡೆ ಮುಂದಿಟ್ಟಾಗ ಝೋರ್ಕಾ ಮುಟ್ಟಲಿಲ್ಲ. ಆ ವಾರವೆಲ್ಲ ಕೂದಲು ಕಣ್ಣಿನ ಮೇಲೆಯೇ ಇತ್ತು. ಒಂದು ದಿನ ಶಾಲೆಯಿಂದ ತುಟಿ ಒಡೆದುಕೊಂಡು ಬಂದಳು. ಯಾವನೋ ಹುಡುಗ "ನಿಮ್ಮಮ್ಮ ಗಂಡನ್ನ ಕೊಲ್ಲಕ್ಕೆ ಹೋದವಳು" ಅಂದನಂತೆ. "ಅದಕ್ಕೆ ಹೊಡೆದೆ" ಅಂದಳು. ತುಟಿ ಒರೆಸಿಕೊಳ್ಳುತ್ತ, "ಆದ್ರೆ ಪಿಕ್ಚರ್‌ನಲ್ಲಿ ಹಾಗೇ ಇದೆಯಲ್ಲ" ಎಂದೂ ಅಂದಳು.

ಕೆಲಸಕ್ಕೆ ರಜೆ ಹಾಕಿ ಮರುದಿನ ಮಧ್ಯಾಹ್ನದ ಆಟಕ್ಕೆ ನಾನೇ ಹೋದೆ. ಒಂದೊಂದು ಸುಳ್ಳನ್ನೂ ಹಿಡಿದು ತಂದು ಅವಳ ಮುಂದೆ ಸುರಿಯಬೇಕೆಂದು ಹಲ್ಲು ಕಚ್ಚಿಕೊಂಡು ಕೂತೆ.

ನಿಜ ಹೇಳಬೇಕು. ದೀಪ ಆರಿ ಮೊದಲ ಚಿತ್ರ ಮೂಡಿದಾಗ ನಾನು ಹಲ್ಲು ಕಚ್ಚುವುದನ್ನು ಮರೆತೆ. ನಮ್ಮದೇ ಧಕ್ಕೆ. ಮೀನಿನ ಪೊರೆ ಅಂಟಿದ, ಗಬ್ಬು ನಾರುವ, ನಾನು ದಿನಾ ಶಪಿಸುತ್ತ ದಾಟುವ ಧಕ್ಕೆ. ಆದರೆ ಅಲ್ಲಿ ಹಗ್ಗದ ಸುರುಳಿಗಳು ಮಲಗಿದ ಪ್ರಾಣಿಗಳ ಹಾಗಿದ್ದವು. ಒದ್ದೆ ಹಲಗೆಯ ಮೇಲೆ ದೀಪದ ಬೆಳಕು ಉದ್ದಕ್ಕೆ ಹರಿದು ಬರುತ್ತಿತ್ತು. ಕತ್ತಲು ಅಂದರೆ ಬರೀ ಕತ್ತಲಲ್ಲ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರಿ ರೇಷ್ಮೆ. ಕಿಟಕಿಯ ಪಟ್ಟಿ ಪರದೆಯಿಂದ ಬಿದ್ದ ಬೆಳಕು ಆ ಹೆಣ್ಣಿನ ಮುಖವನ್ನು ಗೀರು ಗೀರಾಗಿ ಕೊಯ್ದಾಗ ನಾನು ಉಸಿರು ಬಿಗಿಹಿಡಿದೆ. ಅವಳು ಆಡುವ ಒಂದೊಂದು ಮಾತೂ ಹರಿತ. ಯಾವ ಗಂಡಸಿಗೂ ತಲೆ ಬಗ್ಗಿಸುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮೇಸ್ತ್ರಿಯ ಬೈಗುಳ ತಿನ್ನುವ ನಾವು ಹೆಂಗಸರು ಅದನ್ನು ನೋಡಿ ಯಾಕೆ ಹೋ ಎನ್ನುತ್ತೇವೆಂದು ನನಗೆ ಅರ್ಥವಾಯಿತು. ಮತ್ತೆ, ಲೂಕಾ ಹೇಳಿದ್ದು ಸುಳ್ಳಲ್ಲ. ಅವಳು ತಿರುಗಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು.

ಆಮೇಲೆ ಒಂದು ಗಂಡು ದನಿ ಕೇಳಿಸಿತು. ಪತ್ತೇದಾರನ ದನಿ. ತಗ್ಗಿನ, ದಣಿದ, ನಮ್ಮ ಕಡೆಯ ಸಿಹಿ ಪ್ರೊಶೆಕ್ ವೈನ್ ಕುಡಿದಂಥ ದನಿ. ಇಡೀ ಕಥೆಯನ್ನು ಅವನೇ ಹೇಳುತ್ತಾನೆ. ಅವಳು ಏನು ಯೋಚಿಸಿದಳು, ಯಾಕೆ ನಕ್ಕಳು, ಎಲ್ಲವೂ ಅವನಿಗೆ ಗೊತ್ತು. ಸ್ವಲ್ಪ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು, ಹೊಳೆದ ಮೇಲೆ ಬೇರೇನೂ ಕಾಣಲೇ ಇಲ್ಲ. ಇಡೀ ಚಿತ್ರದಲ್ಲಿ ಅವಳು ಒಬ್ಬಳೇ ಇರುವ ಒಂದು ಕ್ಷಣವೂ ಇಲ್ಲ. ಅವಳು ಬಂದಾಗಲೆಲ್ಲ ಒಬ್ಬ ಗಂಡಸು ನೋಡುತ್ತಿರುತ್ತಾನೆ. ಅವನು ನೋಡದಿದ್ದಾಗ ಅವಳು ಇಲ್ಲವೇ ಇಲ್ಲ. ತಲೆನೋವು ಬಂದು ಮಲಗುವುದಿಲ್ಲ, ಕಾಲುಚೀಲ ಹೊಲಿಯುವುದಿಲ್ಲ. ಮಗಳಿಲ್ಲ. ಝೋರ್ಕಾಳನ್ನು ಅವರು ಹುಟ್ಟಿಸಿಯೇ ಇರಲಿಲ್ಲ! ತಂಗಿ ಇಲ್ಲ, ತಮ್ಮ ಇಲ್ಲ. ಗಂಡ ಮೀನುಗಾರ, ಆದರೆ ಅಂಗಿಗೆ ಒಂದು ಸುಕ್ಕಿಲ್ಲ. ಇಡೀ ಸಾನ್ ಪೆಡ್ರೊ ಬಂದರಿನಲ್ಲಿ ಒಂದೇ ಒಂದು ಮೀನಿಲ್ಲ! ಅರ್ಧ ಕಥೆಯಾದ ಮೇಲೆ ಯಾರು ಯಾರಿಗೆ ಯಾಕೆ ಮೋಸ ಮಾಡುತ್ತಿದ್ದಾರೆಂದು ಬರೆದವನಿಗೂ ಮರೆತುಹೋದಂತಿತ್ತು. ಬಿಗಿ ತಪ್ಪಿದಾಗಲೆಲ್ಲ ಒಂದಿಷ್ಟು ಮಳೆ ಸುರಿಸಿ, ಒಂದಿಷ್ಟು ಹೊಗೆ ಬಿಟ್ಟು ಸಾಗಿಸಿದ್ದರು.

ಕೊನೆಗೆ ಧಕ್ಕೆ, ರಾತ್ರಿ, ಮಳೆ. ಅವಳು ಕೈಚೀಲದಿಂದ ಬೆಳ್ಳಿಯಂತೆ ಹೊಳೆಯುವ ಪುಟ್ಟ ಪಿಸ್ತೂಲು ತೆಗೆಯುತ್ತಾಳೆ. ಮರದ ಕ್ಲಿಪ್ಪುಗಳು ಪಿಸ್ತೂಲಾಗಿದ್ದವು. ಅವನು ಬೇರೆ ದಾರಿಯಿಲ್ಲದೆ ಗುಂಡು ಹಾರಿಸುತ್ತಾನೆ, ಓಡಿಬಂದು ಅವಳನ್ನು ತೋಳಿನಲ್ಲಿ ಎತ್ತಿಕೊಳ್ಳುತ್ತಾನೆ. ಅವಳು ಕೊಂದವನ ಕೆನ್ನೆ ಸವರಿ, "ನಿನ್ನ ಮೇಲೆ ಮಾತ್ರ ನಿಜವಾಗಿ ಮನಸ್ಸಿತ್ತು" ಎಂದು ಸಾಯುತ್ತಾಳೆ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಬಿಕ್ಕಿದಳು. ನಾನು ಕುರ್ಚಿಯ ಕೈ ಹಿಡಿದುಕೊಂಡು ಎದ್ದು ಹೊರಗೆ ಬಂದೆ. ನನ್ನ ಅಕ್ಕ ಸತ್ತದ್ದು ಒದ್ದೆ ಹಾಸಿಗೆ ಬಟ್ಟೆಯ ಕೆಳಗೆ, ಮುಖ ಮಣ್ಣಿಗೆ ಹಾಕಿಕೊಂಡು. ಅವನು ಬೇಲಿ ಹಾರಿ ಓಡುತ್ತಿದ್ದ.

ಹೊರಗೆ ಗೋಡೆಯ ಮೇಲೆ ಹೊಸದೊಂದು ಕಾಗದ ಅಂಟಿಸಿದ್ದರು. ಶನಿವಾರದ ಮಧ್ಯಾಹ್ನದ ಆಟಕ್ಕೆ ಮುನ್ನ, ಈ ಕಥೆಯನ್ನು ಬದುಕಿದ ನಿಜವಾದ ಪತ್ತೇದಾರ ಹಾರ್ಲನ್ ಪ್ರೂಯಿಟ್ ನಿಮ್ಮೊಡನೆ ಮಾತನಾಡುವರು. ಚಿತ್ರದ ಸಲಹೆಗಾರರೂ ಅವರೇ.

ಕಥೆಯನ್ನು ಬದುಕಿದವನು! ಎರಡು ಸಲ ಓದಿದೆ. ಟಿಕೆಟ್ ಕೊಡುವ ಹುಡುಗಿ "ನಿಮಗೆ ಹುಷಾರಿಲ್ವಾ ಮೇಡಂ?" ಎಂದು ಕೇಳಿದಳು. ಅಂದರೆ ಆ ದನಿ ಬರೆದವನ ಕಲ್ಪನೆಯಲ್ಲ. ಅದು ಅವನದೇ. ಜೈಲಿನಿಂದ ಬಂದವನು ಕೋರ್ಟಿನಲ್ಲಿ ಹೇಳಿದ್ದನ್ನೇ ಸಿನಿಮಾದವರಿಗೆ ಮಾರಿದ್ದ. ಸತ್ತವಳನ್ನು ಯಾರೂ ಕೇಳುವಂತಿರಲಿಲ್ಲ, ಸರಿ; ನಾವು ಇದ್ದೆವಲ್ಲ? ಕಾರ್ಖಾನೆಯ ಬಾಗಿಲಿನಿಂದ ಕಲ್ಲೆಸೆತದ ದೂರದಲ್ಲಿ ಇದ್ದೆವು. ಲಾರಿ ಲಾರಿ ನೀರು ತಂದವರಿಗೆ ನಮ್ಮ ಬಾಗಿಲು ತಟ್ಟಲು ಆಗಲಿಲ್ಲ.

ಲೂಕಾನನ್ನು ಕರೆಸಿ ಹೇಳಿದೆ. ಬಲೆ ಹೆಣೆಯುವ ಸೂಜಿ ಕೈಯಲ್ಲಿ ಹಿಡಿದೇ ಬಂದಿದ್ದ. "ಅವನು ಬರ್ತಾನಾ? ಇಲ್ಲಿಗಾ?"

"ನಾನು ಹೋಗ್ತೀನಿ" ಅಂದೆ.

"ನಾನೂ ಬರ್ತೀನಿ" ಎಂದಳು ಝೋರ್ಕಾ, ಬಾಗಿಲ ಹಿಂದಿನಿಂದ.

"ನೀನು ಬೇಡ."

"ನನ್ನಮ್ಮ ಅವಳು. ನಿಮಗೆ ಅಕ್ಕ ಅಷ್ಟೇ."

ಶನಿವಾರ ಮೂವರೂ ಹೋದೆವು.

ಟಾಕೀಸು ತುಂಬಿತ್ತು. ಕಾರ್ಖಾನೆಯ ಹೆಂಗಸರು, ಚರ್ಚಿನ ಹೆಂಗಸರು, ಬೋಟಿನ ಗಂಡಸರು, ಅರ್ಧಕ್ಕರ್ಧ ಮಾರೆಯ ಮಣ್ಣಿಗೆ ಬಂದಿದ್ದವರೇ. ನಮ್ಮನ್ನು ಕಂಡು ಕೆಲವರು ನೆಲ ನೋಡಿದರು. ಪ್ರೂಯಿಟ್ ಪರದೆಯ ಮುಂದೆ ಬಂದು ನಿಂತಾಗ ಚಪ್ಪಾಳೆ ಬಿತ್ತು. ಮೈ ಕೈ ತುಂಬಿಕೊಂಡಿದ್ದ. ಕೋಟಿನ ಜೇಬಿನಲ್ಲಿ ಮಡಿಸಿದ ಕರ್ಚೀಫು. ಚಿತ್ರದ ನಾಯಕನ ಹಾಗೆ ಟೋಪಿ ಓರೆಯಾಗಿ ಹಾಕಿದ್ದ. ಆ ನಾಯಕ ಇವನನ್ನು ನೋಡಿ ಕಲಿತಿದ್ದೋ, ಇವನು ನಾಯಕನನ್ನು ನೋಡಿ ಕಲಿತಿದ್ದೋ!

"ಸ್ನೇಹಿತರೇ" ಎಂದು ಶುರುಮಾಡಿದ. "ಒಬ್ಬ ಗಂಡಸಿನ ಬಾಳಲ್ಲಿ ಅಂಥ ಹೆಂಗಸು ಒಂದೇ ಸಲ ಬರ್ತಾಳೆ. ಲೆನೋರ್ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ದಿನವೇ ನನಗೆ ಗೊತ್ತಾಯ್ತು…"

ಲೆನೋರ್ ಅನ್ನುವುದು ಚಿತ್ರದವಳ ಹೆಸರು. ನಾನು ಬಾಯಿ ತೆರೆಯುವಷ್ಟರಲ್ಲಿ ಝೋರ್ಕಾ ಎದ್ದು ಕುರ್ಚಿಯ ಮೇಲೆ ನಿಂತಿದ್ದಳು.

"ಅವಳ ಹೆಸರೇನು?"

ಅವನು ಕಣ್ಣು ಕಿರಿದು ಮಾಡಿ ನೋಡಿ, ಮಕ್ಕಳನ್ನು ಕಂಡಾಗ ನಗುವ ನಗು ನಕ್ಕ. "ಲೆನೋರ್, ಪುಟ್ಟಿ. ಪಿಕ್ಚರ್ ನೋಡಿಲ್ವಾ ನೀನು?"

ಜನ ನಕ್ಕರು.

"ನೀನು ಕೊಂದೆಯಲ್ಲ, ಅವಳ ಹೆಸರು ಕೇಳ್ತಿದೀನಿ."

ನಗು ನಿಂತಿತು. ಅವನ ಬಾಯಿ ತೆರೆದುಕೊಂಡಿತು. ಮರೆತಿದ್ದನೋ ಹೇಳಲಾರದೆ ಹೋದನೋ ನನಗೆ ಇವತ್ತಿಗೂ ತಿಳಿಯದು. ಎಷ್ಟು ಊರುಗಳಲ್ಲಿ ಲೆನೋರ್ ಲೆನೋರ್ ಅಂದಿದ್ದನೋ. ಪಕ್ಕದಲ್ಲಿದ್ದ ಮ್ಯಾನೇಜರನ ಕಡೆ ತಿರುಗಿ ನೋಡಿದ, ಪಾಠ ಮರೆತವನು ಪಕ್ಕದವನನ್ನು ನೋಡುವ ಹಾಗೆ.

"ಮಾರೆ" ಎಂದಳು ಝೋರ್ಕಾ. "ನನ್ನಮ್ಮ. ಮಾರೆ."

ಆಗ ನಾನು ಎದ್ದೆ. "ಮಧ್ಯಾಹ್ನ ಆಗಿತ್ತು ಕಣೋ! ಬಿಸಿಲಿತ್ತು! ನೀನು ಯಾವ ಮಳೇಲಿ ನೆನೆದೆ? ಜೇಬಲ್ಲಿ ಕ್ಲಿಪ್ಪಿತ್ತು, ಬಟ್ಟೆ ಕ್ಲಿಪ್ಪು! ಬೇಲಿ ಹಾರಿ ಓಡಿದೆಯಲ್ಲ, ಅದನ್ಯಾಕೆ ತೋರಿಸಿಲ್ಲ? ಹೇಳೋ!"

"ಅಮ್ಮಾ, ದಯವಿಟ್ಟು…" ಎಂದು ಮ್ಯಾನೇಜರ್ ಓಡಿ ಬಂದ.

ಪ್ರೂಯಿಟ್ ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ. ಎರಡು ಕೈ ಎತ್ತಿ, ಆ ದಣಿದ ದನಿಯಲ್ಲಿ, "ಪಾಪ, ದುಃಖದಲ್ಲಿದ್ದಾರೆ. ನನಗೂ ದುಃಖ ಇದೆ ತಾಯಿ. ಆದ್ರೆ ಒಂದು ಮಾತು, ಬಟ್ಟೆ ಒಣಗೋದನ್ನ ನೋಡಕ್ಕೆ ಯಾರೂ ಟಿಕೆಟ್ ತಗೊಳಲ್ಲ" ಎಂದ.

ಲೂಕಾ ಎದ್ದ. ಸಾಲುಗಳ ನಡುವೆ ನಡೆದುಹೋಗಿ, ಮೆಟ್ಟಿಲು ಹತ್ತಿ, ಅವನ ಮುಖಕ್ಕೆ ಗುದ್ದಿದ. ಬಲೆ ಎಳೆಯುವ ಕೈ. ಓರೆ ಟೋಪಿ ಎಲ್ಲಿಗೋ ಹಾರಿತು. ಗಂಡಸರು ಹತ್ತಿ ಲೂಕಾನನ್ನು ಹಿಡಿದು ಕೆಳಗಿಳಿಸಿದರು. ಹಿಡಿದವರೂ ನಮ್ಮವರೇ, ಅಂಥ ಬಿಗಿಯಾಗಿಯೇನೂ ಹಿಡಿದಿರಲಿಲ್ಲ.

ನಮ್ಮನ್ನು ಹೊರಗೆ ಹಾಕಿದರು. ದಿಂಕಾ ಎದ್ದು ನಮ್ಮ ಹಿಂದೆ ಬಂದಳು. "ವಿಂಕಾ, ನಾನು ಅತ್ತಿದ್ದೆ ಕಣೇ ಆ ಪಿಕ್ಚರ್ ನೋಡಿ. ಥೂ ನನ್ನ ಕಣ್ಣಿಗೆ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಆದರೆ ಹೆಚ್ಚಿನವರು ಕೂತೇ ಇದ್ದರು. ಒಳಗೆ ದೀಪ ಆರಿತು, ಸಂಗೀತ ಶುರುವಾಯಿತು. ಚಿತ್ರ ಅಷ್ಟು ಚೆನ್ನಾಗಿತ್ತು. ಅದೇ ನನ್ನ ಸಿಟ್ಟು. ಕೆಟ್ಟ ಚಿತ್ರವಾಗಿದ್ದರೆ ಎರಡು ದಿನಕ್ಕೆ ಮರೆತು ಹೋಗುತ್ತಿತ್ತು. ಸುಳ್ಳನ್ನು ಅಷ್ಟು ಚೆನ್ನಾಗಿ ಹೇಳಬಾರದು.

ಲೂಕಾ ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆದ. ಪೇಪರಿನವರು "ಕೊಲೆಗಡುಕಿಯ ಮನೆಯವರಿಂದ ದಾಂಧಲೆ" ಎಂದು ಹಾಕಿದರು, ಅದನ್ನು ಓದಿದ ಜನ ಇನ್ನಷ್ಟು ನುಗ್ಗಿದರು, ಚಿತ್ರ ನಮ್ಮೂರಿನಲ್ಲಿ ಮತ್ತಷ್ಟು ದಿನ ಓಡಿತು. ಪ್ರೂಯಿಟ್ ಮಾತ್ರ ಮತ್ತೆ ಯಾವ ಊರಿನ ಪರದೆಯ ಮುಂದೂ ನಿಲ್ಲಲಿಲ್ಲವೆಂದು ಕೇಳಿದೆ. ಒಡೆದ ಮೂಗಿಗೆ ಹೆದರಿದನೋ ಹುಡುಗಿಯ ಪ್ರಶ್ನೆಗೋ.

ಲೂಕಾ ಬಿಡುಗಡೆಯಾಗಿ ಬಂದ ದಿನ ನಾನು ಬೂತಾಯಿ ಮೀನು ಹುರಿದೆ. ಝೋರ್ಕಾ ಕೂದಲು ಹಿಂದಕ್ಕೆ ಕಟ್ಟಿದ್ದಳು, ಆದರೆ ಮುಖ ಗಂಟಿಕ್ಕಿಕೊಂಡೇ ಇತ್ತು. ತಟ್ಟೆ ಪಕ್ಕಕ್ಕೆ ತಳ್ಳಿ ಕೇಳಿದಳು:

"ಅಮ್ಮ ಹೇಗೆ ನಡೀತಿದ್ದಳು? ನಿಜ ಹೇಳಿ."

"ಆ ನಟಿ ಹಾಗೇ" ಎಂದ ಲೂಕಾ.

"ಬಾತುಕೋಳಿ ಹಾಗೆ" ಅಂದೆ ನಾನು. "ಅಂಗಾಲು ಚಪ್ಪಟೆ ಅವಳಿಗೆ. ಹೋಟೆಲಲ್ಲಿ ನಿಂತೂ ನಿಂತೂ ಸಂಜೆ ಹೊತ್ತಿಗೆ ಕಾಲು ಊದಿರೋದು."

"ಏನ್ ಅಕ್ಕ ನೀನು! ಎಷ್ಟ್ ಚೆಂದ ನಡೀತಿದ್ದಳು."

"ನೀನು ಚಡ್ಡಿ ಹಾಕ್ತಿದ್ದೆ ಆಗ. ನಿನಗೇನ್ ಗೊತ್ತು? ಇಸ್ಪೀಟಲ್ಲಿ ಮೋಸ ಮಾಡೋಳು. ನನ್ನ ಒಳ್ಳೆ ಲಂಗ ಕದ್ದು ಹಾಕ್ಕೊಂಡು ಹೋಗಿ, ಎಣ್ಣೆ ಕಲೆ ಮಾಡ್ಕೊಂಡ್ ಬಂದು, ನಾನಲ್ಲ ಅಂತ ಮೇರಿಯಮ್ಮನ ಮೇಲೆ ಆಣೆ ಇಟ್ಟಿದ್ದಳು."

"ನಿಮ್ಮಿಬ್ಬರಲ್ಲಿ ನಾನು ಯಾರನ್ನ ನಂಬಲಿ?" ಝೋರ್ಕಾ ಮೇಜಿಗೆ ಗುದ್ದಿದಳು. "ಒಬ್ಬೊಬ್ಬರು ಒಂದೊಂದ್ ಹೇಳ್ತೀರಲ್ಲ!"

"ಇಬ್ಬರನ್ನೂ ಅರ್ಧರ್ಧ ನಂಬು. ನಮ್ಮಲ್ಲಿ ಯಾರೂ ಅವಳನ್ನ ಕೊಂದಿಲ್ಲ."

ಲೂಕಾ ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕಿದ. ಅವಳು ಒಂದು ತುಂಡು ಬಾಯಿಗಿಟ್ಟುಕೊಂಡು, ಅಗಿಯುತ್ತಲೇ, ಇನ್ನೂ ಸಿಟ್ಟಿನಲ್ಲೇ ಕೇಳಿದಳು:

"ಯಾವ ಬಣ್ಣದ ಲಂಗ?"